ಗರ ಬಿದ್ದ ಮೇಲಿನ ಮಾತು

ನಮ್ಮ ಮಣೆಯಾಟಗಳ ಬಗ್ಗೆ ಕನ್ನಡದಲ್ಲಿ ಬರುವ ಲೇಖನಗಳ ಜಾಡು ಓದುಗರಿಗೆ ಬಾಯಿಪಾಠವಾಗಿದೆ. ಚದುರಂಗ ಬುದ್ಧಿಯ ಆಟ. ಚೌಕಾಬಾರ ಅದೃಷ್ಟದ ಆಟ. ಅಳಗುಳಿಮಣೆ ಹೆಂಗಸರು ಮಧ್ಯಾಹ್ನದ ಊಟ ಮುಗಿಸಿ ಹೊತ್ತು ಕಳೆಯಲು ಆಡುತ್ತಿದ್ದದ್ದು. ಟೀವಿ ಬಂತು, ಆಮೇಲೆ ಮೊಬೈಲ್ ಬಂತು, ಇವೆಲ್ಲ ಅಟ್ಟ ಸೇರಿದವು. ಮಕ್ಕಳ ಲೆಕ್ಕ, ನೆನಪು, ಏಕಾಗ್ರತೆ ಚುರುಕಾಗಬೇಕಾದರೆ ಅಟ್ಟದಿಂದ ಇಳಿಸಬೇಕು. ಇಂಥ ಲೇಖನ ಬರೆಯುವವರ ಕಾಳಜಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಈ ಇಡೀ ಮಾತುಕತೆಯಲ್ಲಿ ಒಂದು ಪ್ರಶ್ನೆಗೆ ಜಾಗವೇ ಇಲ್ಲ: ಆಡುವವರಿಗೆ ಯಾವ ಆಟ ಇಷ್ಟ, ಯಾಕೆ ಇಷ್ಟ?

ಜಾಗ ಇಲ್ಲದಿರುವುದಕ್ಕೆ ಕಾರಣವಿದೆ. ಉತ್ತರ ಗೊತ್ತಿದೆ ಎಂದು ಎಲ್ಲರೂ ನಂಬಿದ್ದಾರೆ. ಅಭಿರುಚಿ ಒಂದು ಏಣಿ ಎಂಬುದು ಆ ನಂಬಿಕೆ. ಕೆಳಗಿನ ಮೆಟ್ಟಿಲಲ್ಲಿ ಹಾವು-ಏಣಿ, ಅದರ ಮೇಲೆ ಚೌಕಾಬಾರ, ಪಗಡೆ, ತುತ್ತತುದಿಯಲ್ಲಿ ಚದುರಂಗ. ಬುದ್ಧಿ ಬಲಿತ ಹಾಗೆ ಮನುಷ್ಯ ಅದೃಷ್ಟವನ್ನು ಬಿಟ್ಟು ಚಾತುರ್ಯದ ಕಡೆ ಏರುತ್ತಾನೆ ಎಂದು ಲೆಕ್ಕ. ಬೆಂಗಳೂರಿನ ಬೋರ್ಡ್ ಗೇಮ್ ಕೆಫೆಗಳಲ್ಲಿ ಕೂತು ಜರ್ಮನ್ ಆಟಗಳನ್ನು ಆಡುವ ಹೊಸ ತಲೆಮಾರಿನವರೂ ಇದೇ ಏಣಿಯನ್ನು ಬೇರೆ ಹೆಸರಿನಲ್ಲಿ ಹತ್ತುತ್ತಾರೆ. ಅವರ ಪರಿಭಾಷೆಯಲ್ಲಿ ಕೆಲವು ಆಟ ‘ಲೈಟ್’, ಕೆಲವು ‘ಹೆವಿ’. ನಲವತ್ತು ದಾಟಿದವರು ಚೌಕಾಬಾರ ಇಷ್ಟ ಎಂದರೆ ಬಾಲ್ಯದ ಹಂಬಲ ಎಂದು ನಕ್ಕು ಸುಮ್ಮನಾಗುತ್ತಾರೆ. ಈ ಏಣಿಯೇ ಸುಳ್ಳು ಎನ್ನುವುದು ನನ್ನ ವಾದ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಸೀಮೆಯಲ್ಲಿ ಜಗಲಿಯ ಮೇಲೆ, ಅರಳಿಕಟ್ಟೆಯ ಮೇಲೆ ಆಡಿಕೊಂಡು ಬಂದ ಆಟಗಳನ್ನೇ ಮುಂದಿಟ್ಟುಕೊಂಡು ಅದನ್ನು ತೋರಿಸಬಹುದು.

ಅಳಗುಳಿಮಣೆಯಿಂದಲೇ ಶುರುಮಾಡುತ್ತೇನೆ, ಏಣಿಯ ಮೊದಲ ಮೆಟ್ಟಿಲು ಮುರಿಯುವುದು ಅಲ್ಲೇ. ಎರಡು ಸಾಲು, ಸಾಲಿಗೆ ಏಳರಂತೆ 14 ಗುಳಿ. ಗುಳಿಗಳಲ್ಲಿ ಹುಣಸೆಬೀಜವೋ ಗುಲಗಂಜಿಯೋ. ಒಂದು ಗುಳಿಯದನ್ನೆಲ್ಲ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿಟ್ಟುಕೊಂಡು ಹೋಗಬೇಕು. ಕೈ ಬರಿದಾದರೆ ಮುಂದಿನ ಗುಳಿಯಿಂದ ಎತ್ತಿ ಮತ್ತೆ ಬಿಡಬೇಕು. ಮುಂದಿನದು ಖಾಲಿ ಇದ್ದರೆ ಅದರಾಚೆಯ ಗುಳಿಯಲ್ಲಿರುವುದೆಲ್ಲ ನಿಮ್ಮದು. ಮನೆಯಿಂದ ಮನೆಗೆ ವಿವರ ಬೇರೆಯಾಗುತ್ತದೆ, ತಿರುಳು ಇಷ್ಟೇ. ಇದರಲ್ಲಿ ಕವಡೆ ಇಲ್ಲ, ದಾಳ ಇಲ್ಲ, ಮುಚ್ಚಿಟ್ಟದ್ದು ಒಂದೂ ಇಲ್ಲ. ಎಲ್ಲ ಬೀಜವೂ ಇಬ್ಬರ ಕಣ್ಣೆದುರಿಗೇ ಇದೆ. ಚದುರಂಗ ಯಾವ ಅರ್ಥದಲ್ಲಿ ಬುದ್ಧಿಯ ಆಟವೋ ಅದೇ ಅರ್ಥದಲ್ಲಿ ಇದೂ ಬುದ್ಧಿಯ ಆಟ. ಅಷ್ಟೇ ಏಕೆ, ಚದುರಂಗದಲ್ಲಿ ಒಂದು ನಡೆಗೆ ಒಂದು ಕಾಯಿ ಜಾಗ ಬದಲಿಸುತ್ತದೆ. ಅಳಗುಳಿಮಣೆಯಲ್ಲಿ ಒಂದೇ ನಡೆ ಇಡೀ ಮಣೆಯ ಲೆಕ್ಕವನ್ನು ಬುಡಮೇಲು ಮಾಡಬಲ್ಲದು. ಮೂರು ಎತ್ತು ಮುಂದೆ ನೋಡುವುದು ಇಲ್ಲಿ ಸಾಮಾನ್ಯದ ಮಾತಲ್ಲ.

ಹಾಗಾದರೆ ಏಣಿಯಲ್ಲಿ ಇದರ ಜಾಗ ಚದುರಂಗದ ಪಕ್ಕ ಇರಬೇಕಿತ್ತು. ಇಲ್ಲ. ಆಟಕ್ಕೆ ಸಿಗುವ ಮರ್ಯಾದೆಯನ್ನು ಅದರ ಒಳಗಿನ ಅದೃಷ್ಟ-ಚಾತುರ್ಯದ ಪ್ರಮಾಣ ನಿರ್ಧರಿಸುತ್ತದೆ ಎಂದು ಹೇಳುವವರು ಇದಕ್ಕೆ ಉತ್ತರ ಕೊಡಬೇಕು. ನನ್ನ ಉತ್ತರ ನೇರ: ಆಡಿದವರು ಯಾರು ಎಂಬುದರ ಮೇಲೆ ಮರ್ಯಾದೆ ನಿಂತಿತು. ಗಂಡಸರು, ಅದರಲ್ಲೂ ಓದಿದ ಗಂಡಸರು ಆಡಿದ್ದು ಶಾಸ್ತ್ರವಾಯಿತು. ಅಡುಗೆಮನೆಯ ಬಾಗಿಲಲ್ಲಿ ಹೆಂಗಸರು ಆಡಿದ್ದು ಹೊತ್ತು ಕಳೆಯುವ ದಾರಿಯಾಯಿತು. ಹೊತ್ತು ಕಳೆಯುವುದಷ್ಟೇ ಆಗಿದ್ದರೆ ತುಳುನಾಡಿನ ಸಿರಿ ಪಾಡ್ದನ ಈ ಆಟವನ್ನು ಹಾಗೆ ಬಳಸಿಕೊಳ್ಳುತ್ತಿರಲಿಲ್ಲ. ಅಲ್ಲಿ ಅಬ್ಬಗ ದಾರಗ ಎಂಬ ಅವಳಿ ಸೋದರಿಯರು ಚೆನ್ನೆಮಣೆ, ಅಂದರೆ ಇದೇ ಅಳಗುಳಿಮಣೆ, ಆಡಲು ಕೂರುತ್ತಾರೆ. ಸೋಲು-ಗೆಲುವಿನ ಜಗಳ ಮಣೆಯಿಂದ ಹೊಡೆದು ಸಾಯಿಸುವ ತನಕ ಹೋಗುತ್ತದೆ. ಆ ಕಥೆ ಕಟ್ಟಿದವರಿಗೆ ಈ ಆಟದ ಕಾವು ಗೊತ್ತಿತ್ತು. ನಮ್ಮ ಪರಂಪರೆಯ ಲೇಖನಗಳಲ್ಲಿ ಆ ಕಾವು ಆರಿಹೋಗಿ ಬರೀ ‘ಬೆರಳುಗಳಿಗೆ ವ್ಯಾಯಾಮ’ ಉಳಿದಿದೆ.

ಅದೃಷ್ಟದ ಮೇಲಿನ ತಾತ್ಸಾರಕ್ಕೆ ಇನ್ನೊಂದು ಬೇರು ಇದೆ, ಅದು ಪಣ. ದಾಳ ಎಂದ ಕೂಡಲೇ ಶಕುನಿ ಕಣ್ಣಮುಂದೆ ಬರುತ್ತಾನೆ. ಋಗ್ವೇದದ ಹತ್ತನೆಯ ಮಂಡಲದ 34ನೆಯ ಸೂಕ್ತದಲ್ಲೇ ಜೂಜುಗಾರನ ಗೋಳಿದೆ. ಅಲ್ಲಿನ ಜೂಜು ತಾರೆಕಾಯಿಗಳದ್ದು. ನಮ್ಮ ಕಾಲದ ನ್ಯಾಯಾಲಯಗಳೂ ಈ ಭಾಷೆಗೆ ಬಲ ಕೊಟ್ಟವು. 1957ರ ಚಮರ್‌ಬಾಗ್‌ವಾಲಾ ಪ್ರಕರಣದಿಂದ ಹಿಡಿದು, ರಮ್ಮಿ ಮುಖ್ಯವಾಗಿ ಕೌಶಲ್ಯದ ಆಟ ಎಂದ 1968ರ ಸತ್ಯನಾರಾಯಣ ತೀರ್ಪಿನವರೆಗೆ, ಆನ್‌ಲೈನ್ ಆಟಗಳ ಮೇಲಿನ ಕರ್ನಾಟಕದ ನಿಷೇಧವನ್ನು ಹೈಕೋರ್ಟ್ ರದ್ದುಮಾಡಿದ 2022ರ ತನಕ, ಕೌಶಲ್ಯ ಎಂದರೆ ಸಭ್ಯ, ಅದೃಷ್ಟ ಎಂದರೆ ಜೂಜು ಎಂಬ ವಿಂಗಡಣೆ ಗಟ್ಟಿಯಾಗುತ್ತ ಹೋಯಿತು. ಕೊನೆಗೆ 2025ರ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯಿದೆ ಏನು ಮಾಡಿತು? ಕೌಶಲ್ಯವೋ ಅದೃಷ್ಟವೋ ಎಂದು ನೋಡದೆ ದುಡ್ಡು ಕಟ್ಟಿ ಆಡುವುದನ್ನು ಮಾತ್ರ ಹಿಡಿಯಿತು. ಆ ಕಾಯಿದೆ ಸರಿಯೋ ತಪ್ಪೋ ಇಲ್ಲಿನ ಚರ್ಚೆ ಅಲ್ಲ. ಕೇಡು ಪಣದಲ್ಲಿದೆ, ಗರದಲ್ಲಿಲ್ಲ ಎಂಬುದನ್ನು ಕಾನೂನು ಒಪ್ಪಿದೆ. ನಮ್ಮ ಸಾಂಸ್ಕೃತಿಕ ವಿಮರ್ಶೆ ಇನ್ನೂ ಒಪ್ಪಿಲ್ಲ.

ಈಗ ಚೌಕಾಬಾರ. ಸೀಮೆಸುಣ್ಣವೋ ಇದ್ದಿಲೋ ಹಿಡಿದು ನೆಲದ ಮೇಲೆ ಐದಕ್ಕೆ ಐದರ ಮನೆ ಬರೆದರೆ ಮಣೆ ಸಿದ್ಧ. ಹೊರಸುತ್ತಿನಲ್ಲಿ 16 ಮನೆ, ಒಳಸುತ್ತಿನಲ್ಲಿ 8, ನಡುವೆ ಹಣ್ಣಿನ ಮನೆ. ಗೀಟು ಹಾಕಿದ ಕಟ್ಟೆಗಳಲ್ಲಿ ಕೂತ ಕಾಯಿಯನ್ನು ಕಡಿಯುವಂತಿಲ್ಲ. ನಾಲ್ಕು ಕವಡೆ, ಅಥವಾ ಒಂದು ಮಗ್ಗುಲು ಬೆಳ್ಳಗಾಗುವ ತನಕ ಒರಟು ಕಲ್ಲಿಗೆ ಉಜ್ಜಿದ ನಾಲ್ಕು ಹುಣಸೆಬೀಜ. ಉಜ್ಜುವಾಗ ಬೀಜ ಬಿಸಿಯಾಗಿ ಬೆರಳಿಗೆ ಚುರುಕ್ ಎನ್ನುತ್ತದೆ, ಬಿಟ್ಟು ಬಿಟ್ಟು ಉಜ್ಜಬೇಕು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು. ಎರಡಕ್ಕೂ ಮತ್ತೊಂದು ಗರ ಉಂಟು.

ಇದನ್ನು ಅದೃಷ್ಟದ ಆಟ ಎನ್ನುವವರು ನೋಡುವುದು ಕವಡೆಯನ್ನು ಮಾತ್ರ. ಆಡುವವರು ನೋಡುವುದು ಗರ ಬಿದ್ದ ಮೇಲಿನದನ್ನು. ಕವಡೆ ಎರಡು ಎಂದು ಹೇಳಬಹುದು. ನಾಲ್ಕು ಕಾಯಿಗಳಲ್ಲಿ ಯಾವುದನ್ನು ಎರಡು ಮನೆ ನಡೆಸಬೇಕು ಎಂದು ಅದು ಹೇಳುವುದಿಲ್ಲ. ಕಟ್ಟೆಯಲ್ಲಿರುವುದನ್ನು ಎಬ್ಬಿಸುವುದೋ, ಬಯಲಲ್ಲಿ ಸಿಕ್ಕಿಬಿದ್ದಿರುವುದನ್ನು ಪಾರುಮಾಡುವುದೋ, ಹಣ್ಣಿಗೆ ಹತ್ತಿರ ಇರುವುದನ್ನು ದಡ ಸೇರಿಸುವುದೋ. ಹಾವು-ಏಣಿಯಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ, ಅಲ್ಲಿ ದಾಳ ಹೇಳಿದ್ದನ್ನು ಕೈ ಮಾಡುತ್ತದೆ. ಹಾಗಾಗಿ ಹಾವು-ಏಣಿಯನ್ನು ಆಟವಾಗಿ ನಾನು ಸಮರ್ಥಿಸಲಾರೆ. ಪರಮಪದದ ಪಟವಾಗಿ ಅದಕ್ಕೆ ಬೇರೆಯದೇ ಬೆಲೆ ಇದೆ, ಆ ಮಾತು ಬೇರೆ. ಆಯ್ಕೆಯ ಮುಂಚೆ ಬರುವ ಅದೃಷ್ಟಕ್ಕೂ ಆಯ್ಕೆಯನ್ನೇ ನುಂಗುವ ಅದೃಷ್ಟಕ್ಕೂ ಇರುವ ಅಂತರವನ್ನು ಕಾಣದೆ ಎರಡನ್ನೂ ಒಂದೇ ಮೆಟ್ಟಿಲಿಗೆ ಕಟ್ಟಿದ್ದು ನಮ್ಮ ವಿಮರ್ಶೆಯ ದೊಡ್ಡ ಅಸಡ್ಡೆ.

ಲೆಕ್ಕವನ್ನೇ ಹಾಕಿ ನೋಡೋಣ. ಕವಡೆ ಅಂಗಾತ ಬೀಳುವುದೂ ಬೋರಲು ಬೀಳುವುದೂ ಸಮ ಎಂದಿಟ್ಟುಕೊಂಡರೆ 16 ಬಗೆಯ ಬೀಳುವಿಕೆಯಲ್ಲಿ ಒಂದು ಬರುವುದು 4 ಸಲ, ಎರಡು 6 ಸಲ, ಮೂರು 4 ಸಲ, ಚೌಕ ಒಂದು ಸಲ, ಬಾರ ಒಂದು ಸಲ. ನಿಜವಾದ ಕವಡೆಯ ಬೆನ್ನು ಉಬ್ಬು, ಬಾಯಿ ಚಪ್ಪಟೆ, ಆದ್ದರಿಂದ ಪ್ರಮಾಣ ತುಸು ಆಚೀಚೆ ಆಗುತ್ತದೆ; ಚಿತ್ರ ಬದಲಾಗುವುದಿಲ್ಲ. ಎದುರಾಳಿಯ ಕಾಯಿಗಿಂತ ಎರಡು ಮನೆ ಮುಂದೆ ನಿಂತವನು ನಾಲ್ಕು ಮನೆ ಮುಂದೆ ನಿಂತವನಿಗಿಂತ ಆರು ಪಟ್ಟು ಅಪಾಯದಲ್ಲಿದ್ದಾನೆ. ಇದನ್ನು ಯಾರೂ ಕಾಗದದ ಮೇಲೆ ಕಲಿತದ್ದಲ್ಲ. “ಕಟ್ಟೆ ಬುಟ್ಟು ಯಾಕ್ ಎದ್ದೆ ಮಗ, ಎರಡ್ರಲ್ಲಿ ಕುಂತಿವ್ನಿ ನಾನು” ಎಂದು ಮೊಮ್ಮಗನನ್ನು ಗದರುವ ಅಜ್ಜಿಯ ಮಾತಿನಲ್ಲಿ ಈ ಇಡೀ ಕೋಷ್ಟಕ ಇದೆ. 1995ರಲ್ಲಿ ಕ್ಲೌಸ್ ಟಾಯ್ಬರ್ ರೂಪಿಸಿದ ಕಟಾನ್ ಆಟದಲ್ಲಿ ಎರಡು ದಾಳದ ಮೊತ್ತ ಯಾವುದು ಎಷ್ಟು ಸಲ ಬಂದೀತು ಎಂಬುದನ್ನು ಬಿಲ್ಲೆಗಳ ಮೇಲೆ ಚುಕ್ಕಿ ಇಟ್ಟು ಅಚ್ಚುಹಾಕಿರುತ್ತಾರೆ. ಅದನ್ನು ಮೆಚ್ಚಿ ‘ಸಂಭವನೀಯತೆಯ ವಿನ್ಯಾಸ’ ಎಂದು ಹೊಗಳುವ ನಮ್ಮ ಹುಡುಗರು ಕವಡೆಯ ಮುಂದೆ ಕೂತಾಗ ಅದೇ ವಿನ್ಯಾಸವನ್ನು ಗುರುತಿಸುವುದಿಲ್ಲ. ಚುಕ್ಕಿ ಅಚ್ಚಾಗಿಲ್ಲ ಎಂಬುದೊಂದೇ ವ್ಯತ್ಯಾಸ.

ಇಲ್ಲಿ ಒಂದು ಪ್ರತಿವಾದ ಬರುತ್ತದೆ, ಅದು ಹಗುರವಾದದ್ದಲ್ಲ. ಚೌಕಾಬಾರದಲ್ಲೂ ಚಾತುರ್ಯ ಇದೆ ಎಂದು ತೋರಿಸಿ ನೀನೂ ಅದೇ ಏಣಿಯನ್ನು ಒಪ್ಪಿದ ಹಾಗಾಯಿತಲ್ಲ, ಅದನ್ನು ಒಂದು ಮೆಟ್ಟಿಲು ಮೇಲೆ ಕೂರಿಸಿದೆ ಅಷ್ಟೆ ಎನ್ನಬಹುದು. ಅಷ್ಟಕ್ಕೇ ನಿಂತಿದ್ದರೆ ಆ ಮಾತು ನಿಜವಾಗುತ್ತಿತ್ತು. ನಾನು ಹೇಳುವುದು ಅದರಾಚೆಗಿನದು. ಚೌಕಾಬಾರದಲ್ಲಿ ಅದೃಷ್ಟ ಸಹಿಸಿಕೊಳ್ಳಬೇಕಾದ ಕೊರತೆಯಲ್ಲ. ಅದು ಮಾಡುವ ಕೆಲಸವನ್ನು ಚಾತುರ್ಯ ಮಾಡಲಾರದು. ಎಪ್ಪತ್ತರ ಅಜ್ಜಿ, ಎಂಟರ ಮೊಮ್ಮಗ, ಊರಿಂದ ಬಂದ ಸೋದರತ್ತೆ, ಪಕ್ಕದ ಮನೆಯ ಹುಡುಗಿ ಒಂದೇ ಮಣೆಯ ನಾಲ್ಕು ಮಗ್ಗುಲಿಗೆ ಕೂತು ನಾಲ್ವರೂ ಗೆಲ್ಲುವ ಆಸೆಯಿಂದ ಆಡಬಹುದಾದದ್ದು ಗರದಿಂದ. ಚದುರಂಗದ ಮುಂದೆ ಇದೇ ಮೊಮ್ಮಗ ಸೋಲುವುದು ಖಚಿತ, ಆ ಸೋಲಿನ ಹೊಣೆಯೂ ಪೂರ್ತಿ ಅವನದೇ. ಕೆಲವರಿಗೆ ಆ ಪೂರ್ತಿ ಹೊಣೆ ಬೇಕು, ಅದರಲ್ಲೇ ಅವರ ಸುಖ. ಇನ್ನು ಕೆಲವರಿಗೆ ಸೋತಾಗ ಕವಡೆಯನ್ನು ಬೈಯುವ ಸ್ವಾತಂತ್ರ್ಯ ಬೇಕು, ಗೆದ್ದಾಗ ತಮ್ಮ ಜಾಣ್ಮೆಯನ್ನು ಹೊಗಳಿಕೊಳ್ಳುವ ಸ್ವಾತಂತ್ರ್ಯವೂ ಬೇಕು. ಈ ಎರಡು ಬಯಕೆಗಳಲ್ಲಿ ಒಂದು ಬಲಿತದ್ದು, ಇನ್ನೊಂದು ಎಳಸು ಎಂದು ತೀರ್ಪು ಕೊಡಲು ನನಗೆ ಆಧಾರ ಕಾಣುವುದಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರೂ ಕಂಡಿರಲಿಲ್ಲ. ಕುದುರೆಯ ನಡೆಯಲ್ಲಿ 64 ಮನೆಗಳನ್ನು ಒಂದೊಂದೇ ಸಲ ಮುಟ್ಟಿ ಬರುವ ಬಂಧಗಳನ್ನು ಕಟ್ಟಿದ ದೊರೆಯೇ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಗಂಜೀಫಾ ಎಲೆಯಾಟಗಳನ್ನು ಬೆಳೆಸಿದ್ದು, ಅವುಗಳಲ್ಲಿ ಚಾಮುಂಡೇಶ್ವರಿ ಛದ ಒಂದಕ್ಕೇ 320 ಎಲೆ. ಹಂಚಿಕೆಯಲ್ಲಿ ಯಾವ ಎಲೆ ಬಂದೀತೋ ಎಂಬ ಕುತೂಹಲವೂ ಪೂರ್ಣ ಲೆಕ್ಕದ ಬಂಧವೂ ಒಬ್ಬನೇ ಮನುಷ್ಯನ ಅಭಿರುಚಿಯಲ್ಲಿ ಒಟ್ಟಿಗೆ ಇದ್ದವು.

ಇಷ್ಟಾನಿಷ್ಟ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಮನೆಮನೆಯ ನಿಯಮಗಳಲ್ಲಿ. ಚೌಕಾಬಾರದ ನಿಯಮ ಊರಿಗೊಂದು, ಮನೆಗೊಂದು. ಇದನ್ನು ಸಾಮಾನ್ಯವಾಗಿ ಮೌಖಿಕ ಪರಂಪರೆಯ ಸವಕಲು ಎಂದೋ ‘ಪಾಠಾಂತರ’ ಎಂದೋ ವಿವರಿಸುತ್ತಾರೆ, ಎಲ್ಲೋ ಒಂದು ಮೂಲಪಾಠ ಇತ್ತು, ಅದು ಚದುರಿಹೋಯಿತು ಎಂಬ ಧಾಟಿಯಲ್ಲಿ. ನನಗೆ ಈ ವಿವರಣೆ ಒಪ್ಪಿಗೆ ಇಲ್ಲ. ಒಂದೊಂದು ನಿಯಮವೂ ಆ ಜಗಲಿಯಲ್ಲಿ ಕೂರುವವರು ಆಟದಿಂದ ಏನು ಬಯಸುತ್ತಾರೆ ಎಂಬುದರ ಹೇಳಿಕೆ.

ಒಂದು ನಿಯಮವನ್ನು ಹತ್ತಿರದಿಂದ ನೋಡೋಣ. ಕೆಲವು ಮನೆಗಳಲ್ಲಿ ಚೌಕ ಅಥವಾ ಬಾರ ಬಿದ್ದರೆ ಮಾತ್ರ ಮೊದಲ ಕಾಯಿ ಮಣೆಗೆ ಇಳಿಯಬೇಕು. ಒಂದು ಗರಕ್ಕೆ ಅದರ ಸಾಧ್ಯತೆ ಎಂಟರಲ್ಲಿ ಒಂದು. ಅಂದರೆ ಐದು ಸುತ್ತು ಕಳೆದರೂ ಒಂದು ಕಾಯಿಯನ್ನೂ ಇಳಿಸಲಾಗದೆ ಕೂರುವ ಸಾಧ್ಯತೆ ಅರ್ಧಕ್ಕಿಂತ ಒಂದು ಕೂದಲು ಹೆಚ್ಚು. ಕೆಫೆಯ ಆಟಗಾರನಿಗೆ ಇದು ಕೆಟ್ಟ ವಿನ್ಯಾಸ: ಆಡಲು ಬಂದವನನ್ನು ಸುಮ್ಮನೆ ಕೂರಿಸುತ್ತದೆ. ಎಂಟರ ಹುಡುಗ ಅಳುವುದೂ ಇಲ್ಲೇ. ಆದರೆ ಈ ನಿಯಮ ಇಟ್ಟುಕೊಂಡ ಮನೆಯವರಿಗೆ ಅವಸರ ಇಲ್ಲ. ಅವರ ಸಂಜೆ ಉದ್ದ, ಕೈಯಲ್ಲಿ ಬಿಡಿಸಬೇಕಾದ ಅವರೆಕಾಯಿ ಇದೆ, ಬಾಯಲ್ಲಿ ಊರ ಸುದ್ದಿ ಇದೆ. ಇಳಿಯದ ಕಾಯಿ ಅವರಿಗೆ ಮಾತಿನ ವಸ್ತು, ಐದನೆಯ ಸುತ್ತಿಗೆ ಬಾರ ಬಿದ್ದರೆ ಎದ್ದೇಳುವ ಕೂಗು ಆ ಕಾಯುವಿಕೆ ಇಲ್ಲದೆ ಹುಟ್ಟುವುದಿಲ್ಲ. ಬೇರೆ ಮನೆಗಳಲ್ಲಿ ಎಲ್ಲ ಕಾಯಿಯೂ ಮೊದಲೇ ಮಣೆಯ ಮೇಲಿರುತ್ತದೆ. ಅವರಿಗೆ ನಡೆ ಮುಖ್ಯ, ಕಾಯುವುದು ಬೇಡ. ಎರಡರಲ್ಲಿ ಯಾವುದು ‘ಸರಿಯಾದ’ ಚೌಕಾಬಾರ ಎಂದು ಕೇಳುವುದರಲ್ಲಿ ಅರ್ಥವಿಲ್ಲ.

ಇನ್ನೊಂದು, ಇದಕ್ಕಿಂತ ಕಟುವಾದದ್ದು: ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದವನಿಗೆ ಒಳಮನೆಯ ಪ್ರವೇಶ ಇಲ್ಲ. ಯಾರ ತಂಟೆಗೂ ಹೋಗದೆ, ಕಟ್ಟೆಯಿಂದ ಕಟ್ಟೆಗೆ ಜೋಪಾನವಾಗಿ ನಡೆದು, ಹಣ್ಣಾಗಿ ಹೊರಟುಹೋಗಬೇಕು ಎಂದುಕೊಂಡ ಮೃದು ಸ್ವಭಾವದವರನ್ನು ಈ ನಿಯಮ ಬೀದಿಗೆ ಎಳೆಯುತ್ತದೆ. ಕಡಿಯಲೇಬೇಕು. ಯಾರದನ್ನು ಕಡಿಯುವುದು ಎಂಬ ಪ್ರಶ್ನೆ ಅಲ್ಲಿ ಹುಟ್ಟುತ್ತದೆ. ಅತ್ತೆಯದನ್ನೋ, ತಮ್ಮನದನ್ನೋ, ಆಗಲೇ ಸೋಲುತ್ತಿರುವ ಪುಟ್ಟಿಯದನ್ನೋ. ಪುಟ್ಟಿಯ ಕಾಯಿ ಕಡಿಯುವ ಗರ ಬಿದ್ದರೂ ಬೇರೆ ಕಾಯಿ ನಡೆಸಿ ಕಣ್ತಪ್ಪಿಸುವವರಿದ್ದಾರೆ, ನಿಯಮ ನಿಯಮವೇ ಎಂದು ಕಡಿದು ಕಾಯಿಯನ್ನು ಟಪ್ಪೆಂದು ಕುಟ್ಟಿ ಇಡುವವರಿದ್ದಾರೆ. ಇವರಲ್ಲಿ ಮೊದಲಿನವರನ್ನು ಆಟ ಗೊತ್ತಿಲ್ಲದವರು ಎನ್ನುವುದು ವಾಡಿಕೆ. ನಾನು ಅದಕ್ಕೆ ವಿರುದ್ಧ. ಅವರು ಆಟವನ್ನು ಆಡುತ್ತಲೇ ಜೊತೆಗಿರುವವರನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ, ಅದೂ ಒಂದು ಚಾತುರ್ಯವೇ. ಆದರೂ ನನ್ನ ಸ್ವಂತ ಮತ ಕಡಿಯುವ ನಿಯಮದ ಪರ. ಅದಿಲ್ಲದ ಚೌಕಾಬಾರದಲ್ಲಿ ನಾಲ್ವರು ಒಂದೇ ಮಣೆಯ ಮೇಲೆ ಬೇರೆ ಬೇರೆಯಾಗಿ ನಡೆಯುತ್ತಾರೆ, ಒಬ್ಬರನ್ನೊಬ್ಬರು ಮುಟ್ಟುವುದಿಲ್ಲ.

ಇಷ್ಟಾನಿಷ್ಟ ಅವರವರದು, ಅದರಲ್ಲಿ ವಾದ ಎಲ್ಲಿಂದ ಬಂತು ಎಂದು ಕೈತೊಳೆದುಕೊಳ್ಳುವ ಉದಾರವಾದ ನಿಲುವೊಂದಿದೆ. ಅದನ್ನೂ ನಾನು ಒಪ್ಪಲಾರೆ. ಇಷ್ಟಕ್ಕೆ ಕಾರಣ ಕೇಳಬಹುದು, ಕಾರಣ ಕೊಡಬಹುದು, ಕೊಟ್ಟ ಕಾರಣ ದುರ್ಬಲ ಎಂದು ತೋರಿಸಬಹುದು. ಮನೆಯ ನಿಯಮಕ್ಕಾಗಿ ಜಗಲಿಯ ಮೇಲೆ ನಡೆಯುವ ಜಗಳ ಅದನ್ನೇ ಮಾಡುತ್ತದೆ. ವಿಮರ್ಶೆ ಎಂದರೆ ಬೇರೇನು?

ಇದೇ ಹೊತ್ತಿಗೆ ಇನ್ನೊಂದು ಸುಲಭದ ದಾರಿಯನ್ನೂ ಮುಚ್ಚಬೇಕು, ಆಟಗಾರರನ್ನು ಜಾತಿಗಳಾಗಿ ವಿಂಗಡಿಸುವ ದಾರಿ. ರೋಜರ್ ಕಯ್ವಾ 1958ರಲ್ಲಿ ಆಟಗಳನ್ನು ಸ್ಪರ್ಧೆ, ಅದೃಷ್ಟ, ಅನುಕರಣೆ, ತಲೆಸುತ್ತು ಎಂದು ನಾಲ್ಕಾಗಿ ಹಂಚಿದ. ರಿಚರ್ಡ್ ಬಾರ್ಟಲ್ 1996ರಲ್ಲಿ ಕಂಪ್ಯೂಟರ್ ಮೇಲೆ ಹಲವರು ಕೂಡಿ ಆಡುವ ಆಟಗಳಿಗಾಗಿ ಆಟಗಾರರನ್ನೇ ನಾಲ್ಕು ಬಗೆ ಮಾಡಿದ: ಸಾಧಿಸುವವರು, ಹುಡುಕುವವರು, ಒಡನಾಡುವವರು, ಕೊಲ್ಲುವವರು. ಇಬ್ಬರ ಬರಹವೂ ಬೆಲೆಯುಳ್ಳದ್ದು. ಆದರೆ ಅದನ್ನು ಜನ್ಮನಕ್ಷತ್ರದ ಹಾಗೆ ಹಚ್ಚಿಕೊಂಡು ‘ನಾನು ಇಂಥವನು’ ಎಂದು ಹೇಳಿಕೊಳ್ಳುವುದು ಈಗ ಫ್ಯಾಷನ್ ಆಗಿದೆ.

ಆಡು-ಹುಲಿ ಆಟ ಇದಕ್ಕೆ ಒಳ್ಳೆಯ ಮದ್ದು. ತ್ರಿಕೋನದ ಮಣೆ, ಗೆರೆಗಳು ಕೂಡುವ 23 ಜಾಗ, ಒಬ್ಬರ ಕೈಗೆ ಮೂರು ಹುಲಿ, ಇನ್ನೊಬ್ಬರ ಕೈಗೆ 15 ಆಡು. ಹುಲಿ ಆಡನ್ನು ಹಾರಿ ತಿನ್ನುತ್ತದೆ. ಆಡು ಯಾರನ್ನೂ ತಿನ್ನಲಾರದು. ಒಂದಕ್ಕೊಂದು ಬೆನ್ನು ಕೊಟ್ಟು ನಿಂತು ಹುಲಿ ಅಲುಗದ ಹಾಗೆ ಕಟ್ಟಬೇಕು. ಕವಡೆ ಇಲ್ಲ, ಎರಡು ಪಕ್ಷವೂ ಒಂದೇ ಅಲ್ಲ. ಕೂರುವ ಮುಂಚೆಯೇ ಕೇಳಬೇಕು, ನಿಂಗ್ಯಾವುದು? ಚಿಕ್ಕ ಹುಡುಗರು ಹುಲಿಗೆ ಕೈಚಾಚುತ್ತಾರೆ, ತಿನ್ನುವ ಸುಖ ಕೂಡಲೇ ಸಿಗುತ್ತದೆ. ಆಟ ತಿಳಿದ ಮೇಲೆ ಹಲವರು ಆಡಿನ ಕಡೆ ಬರುತ್ತಾರೆ. ಇದನ್ನೂ ಏಣಿ ಎಂದು ಓದಬೇಡಿ. ಪಳಗಿದ ಆಡಿನ ಎದುರು ಹುಲಿಯನ್ನು ಉಳಿಸಿಕೊಳ್ಳುವುದು ಇನ್ನೂ ಕಷ್ಟದ ಕೆಲಸ, ಅದರ ರುಚಿ ಹತ್ತಿದವರು ಮತ್ತೆ ಹುಲಿಗೇ ಮರಳುತ್ತಾರೆ. ಒಬ್ಬರೇ ಮನುಷ್ಯರು ತಮ್ಮನ ಎದುರು ಹುಲಿ ಕೇಳಿ, ಮಾವನ ಎದುರು ಆಡು ಕೇಳುವುದುಂಟು. ‘ಕೊಲ್ಲುವವರು’, ‘ಒಡನಾಡುವವರು’ ಎಂಬ ಚೀಟಿಯನ್ನು ಇವರಲ್ಲಿ ಯಾರ ಹಣೆಗೆ ಅಂಟಿಸುತ್ತೀರಿ? ಇಷ್ಟ ಇರುವುದು ಮನುಷ್ಯನಲ್ಲಿ ಎಷ್ಟೋ, ಎದುರಿಗೆ ಕೂತವರಲ್ಲೂ ಅಷ್ಟೇ.

ಬದುಕಿನಿಂದ ಆಟದ ರುಚಿಯನ್ನು ನೇರವಾಗಿ ಇಳಿಸುವವರೂ ಇದ್ದಾರೆ. ಮಾಗಡಿ, ಕನಕಪುರದ ಕಾಡಂಚಿನಲ್ಲಿ ಆಡು ಕಾಯುವವರು ಚಿರತೆಯ ಭಯ ಬಲ್ಲವರು, ಆದ್ದರಿಂದ ಅವರಿಗೆ ಆಡಿನ ಪಕ್ಷ ಇಷ್ಟ. ರಾಮನಗರದ ಗೂಡಿನ ಮಾರುಕಟ್ಟೆಗೆ ರೇಷ್ಮೆ ತರುವ ರೈತನಿಗೆ ಹುಳುವಿನ ರೋಗ, ಬೆಳಗಿನ ಹರಾಜಿನ ದರ ಎರಡೂ ಕೈಮೀರಿದ್ದು, ಆದ್ದರಿಂದ ಅವನಿಗೆ ಗರದ ಆಟ ಇಷ್ಟ. ಕೇಳಲು ಸೊಗಸಾಗಿದೆ. ಇದು ಜನರನ್ನು ಅವರ ಕಸುಬಿಗೆ ಕಟ್ಟಿಹಾಕುವ ಸಮಾಜಶಾಸ್ತ್ರ. ದಿನವೆಲ್ಲ ಅನಿಶ್ಚಯದಲ್ಲಿ ಬದುಕುವವನಿಗೆ ಸಂಜೆ ಎಲ್ಲವೂ ಕಣ್ಣೆದುರಿಗಿರುವ ಅಳಗುಳಿಮಣೆಯೇ ಬೇಕೆನಿಸಬಹುದು, ಗುಮಾಸ್ತಿಕೆಯ ಒಂದೇ ಸಮನಾದ ದಿನಚರಿಯವನಿಗೆ ಕವಡೆಯೇ ಬೇಕೆನಿಸಬಹುದು. ಕೇಳದೆ ಹೇಳಲು ಬರುವುದಿಲ್ಲ. ಇಲ್ಲಿನ ರೈತನನ್ನು, ಆಡು ಕಾಯುವವನನ್ನು ಮಾತ್ರ ಕೇಳದೆಯೇ ಅರ್ಥಮಾಡಿಕೊಳ್ಳುತ್ತೇವೆ ಎನ್ನುವುದು ನನಗೆ ಅಸಹನೀಯವಾಗಿ ಕಾಣುತ್ತದೆ. ಕೆಫೆಯ ಐಟಿ ಉದ್ಯೋಗಿಯ ಇಷ್ಟವನ್ನು ಯಾರೂ ಅವನ ಕಸುಬಿನಿಂದ ವಿವರಿಸಲು ಹೋಗುವುದಿಲ್ಲ. ಅವನಿಗೆ ಸ್ವಂತ ಅಭಿರುಚಿ ಇದೆ ಎಂದು ಒಪ್ಪುತ್ತೇವೆ.

ಇನ್ನು ಚನ್ನಪಟ್ಟಣ. ಆಟದ ಕಾಯಿ ಎಂದರೆ ಏನೆಂದು ಚೆನ್ನಾಗಿ ಬಲ್ಲ ಊರು. ಆಲೆಮರದ ತುಂಡು ಚರಕಿಯಲ್ಲಿ ತಿರುಗುತ್ತಿರುವಾಗಲೇ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ, ಉಜ್ಜುವ ಬಿಸಿಗೆ ಅರಗು ಕರಗಿ ಮರಕ್ಕೆ ಮೆತ್ತುತ್ತದೆ, ಆಮೇಲೆ ತಾಳೆಗರಿಯಿಂದ ತೀಡಿದರೆ ಹೊಳಪು ಬರುತ್ತದೆ. ತಿರುಗುವ ಮರ ಕೊಡುವುದು ದುಂಡನೆಯ ಆಕಾರ. ರಾಜ, ಮಂತ್ರಿ, ಆನೆ, ಪದಾತಿ ಎಲ್ಲ ಚರಕಿಯಿಂದಲೇ ಮೂಡಿ ಬರಬಹುದು. ಮುಖವುಳ್ಳ ಕುದುರೆ ಮಾತ್ರ ಬರಲಾರದು, ಅದನ್ನು ಕೈಯಿಂದ ಕೆತ್ತಬೇಕು. ಚೌಕಾಬಾರದ ಕಾಯಿಗೆ ಈ ತೊಡಕಿಲ್ಲ. ನಾಲ್ಕು ಬಣ್ಣ, ಒಂದೇ ಆಕಾರ, ಬೆರಳಿಗೆ ಹಿಡಿತ ಸಿಗುವಷ್ಟು ಕುತ್ತಿಗೆ, ಕುಟ್ಟಿ ಇಟ್ಟರೆ ಅಲುಗದಷ್ಟು ಬುಡ. ಕಡಿದ ಖುಷಿಗೆ ಟಪ್ಪೆನ್ನುವ ಸದ್ದು ಬೇಕು ಎನ್ನುವವರಿಗೆ ಪ್ಲಾಸ್ಟಿಕ್ ಕಾಯಿ ಆಗದು, ಈ ಮರವೇ ಆಗಬೇಕು. ಇದೂ ಇಷ್ಟದ ವಿಷಯವೇ, ಚಿಕ್ಕದೆಂದು ತಳ್ಳಿಹಾಕುವಂಥದ್ದಲ್ಲ.

ಚನ್ನಪಟ್ಟಣದ ಬೊಂಬೆಗೆ ಭೌಗೋಳಿಕ ಸೂಚಿಕೆ ಸಿಕ್ಕಿದೆ. 2020ರ ಆಗಸ್ಟ್‌ನ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಈ ಊರಿನ ಹೆಸರು ಹೇಳಿದರು. ಅದೇ ವರ್ಷದ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ಆಟಿಕೆಯ ಮೂಲಕ ಬೋಧನೆ ಎಂಬ ಮಾತು ಶಾಲೆಗಳ ತನಕ ಬಂತು. ಕುಶಲಕರ್ಮಿಗಳಿಗೆ ಇದರಿಂದ ನಾಲ್ಕು ಕಾಸು ಹೆಚ್ಚು ಸಿಕ್ಕರೆ ಸಂತೋಷವೇ. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳ ಮೂಲಕ, ಬೆಂಗಳೂರಿನ ‘ಕವಡೆ’ ಸಂಸ್ಥೆ ತನ್ನ ಮಣೆಗಳ ಮೂಲಕ ಮಾಡಿರುವ ಕೆಲಸ ಇಲ್ಲದಿದ್ದರೆ ಎಷ್ಟೋ ಆಟಗಳ ಹೆಸರೇ ಹೊಸಬರ ಕಿವಿಗೆ ಬೀಳುತ್ತಿರಲಿಲ್ಲ. ಆದರೆ ಆಟವನ್ನು ಬುದ್ಧಿವರ್ಧಕ ಎಂದು ಮಾರುವುದು ಅದನ್ನು ಇಷ್ಟದ ಲೋಕದಿಂದ ಕಿತ್ತು ಕರ್ತವ್ಯದ ಲೋಕಕ್ಕೆ ಹಾಕುತ್ತದೆ. ಲೆಕ್ಕ ಬರಲಿ ಎಂದು ಅಳಗುಳಿಮಣೆಯ ಮುಂದೆ ಕೂರಿಸಿದ ಮಗು, ಲೆಕ್ಕ ಬಂದ ಮೇಲೆ ಎದ್ದು ಹೋಗುತ್ತದೆ. ಎದ್ದು ಹೋಗದೆ ಉಳಿಯುವ ಮಗುವಿಗೆ ಅಲ್ಲಿ ಬೇರೇನೋ ಸಿಕ್ಕಿದೆ. ಅದು ಏನು ಎಂದು ಯಾವ ಪೆಟ್ಟಿಗೆಯ ಮೇಲೂ ಬರೆದಿರುವುದಿಲ್ಲ.

ಪೆಟ್ಟಿಗೆಯೊಳಗಿನ ನಿಯಮದ ಚೀಟಿಯ ಮೇಲೆ ನನ್ನ ಕೊನೆಯ ತಕರಾರು. ಮಾರಾಟಕ್ಕೆ ಬರುವ ಚೌಕಾಬಾರಗಳಲ್ಲಿ ಸಾಮಾನ್ಯವಾಗಿ ಒಂದೇ ನಿಯಮಾವಳಿ ಇರುತ್ತದೆ, ಅದೇ ಪರಂಪರೆ ಎಂಬಂತೆ. ಆ ಚೀಟಿ ಓದಿ ಕಲಿತ ಮಗು ಬೇಸಿಗೆಯಲ್ಲಿ ಅಜ್ಜಿಯ ಊರಿಗೆ ಹೋಗಿ, ನೀನು ಆಡುವುದು ತಪ್ಪು ಎನ್ನುತ್ತದೆ. ಒಂದು ಮನೆಯವರು ಎಷ್ಟೋ ವರ್ಷ ಜಗಳವಾಡಿ ತಮಗೆ ಬೇಕಾದಂತೆ ತಿದ್ದಿಕೊಂಡ ಆಟ ಒಂದು ಅಚ್ಚಿನ ಕಾಗದಕ್ಕೆ ಸೋಲುತ್ತದೆ. ಬದಲಿಗೆ ನಾನು ಕೇಳುವುದು ಇಷ್ಟು: ಎಲ್ಲರೂ ಒಪ್ಪುವ ನಾಲ್ಕು ಸಾಲು ಅಚ್ಚುಹಾಕಿ. ಅದರ ಕೆಳಗೆ ಕಡಿಯದೆ ಒಳಮನೆ ಉಂಟೋ ಇಲ್ಲವೋ, ಚೌಕ-ಬಾರ ಇಲ್ಲದೆ ಕಾಯಿ ಇಳಿಯುವುದೋ ಇಲ್ಲವೋ, ಕಡಿದವರಿಗೆ ಮತ್ತೊಂದು ಗರ ಉಂಟೋ, ಜೋಡಿ ಕೂತ ಗಟ್ಟಿಯನ್ನು ಒಂಟಿ ಕಾಯಿ ಕಡಿಯಬಹುದೋ ಎಂಬ ಪ್ರಶ್ನೆಗಳನ್ನು ಉತ್ತರ ಇಲ್ಲದೆ ಬಿಡಿ, ಪಕ್ಕದಲ್ಲಿ ಬರೆಯಲು ಜಾಗ ಕೊಡಿ. ಕೊಂಡವರಿಗೆ ಗೊಂದಲವಾಗುತ್ತದೆ ಎಂದು ಮಾರುವವರು ಹೇಳಬಹುದು. ಆಗಲಿ. ಆ ಗೊಂದಲಕ್ಕೆ ಅಮ್ಮ ಒಂದು ಹೇಳುತ್ತಾಳೆ, ಚಿಕ್ಕಪ್ಪ ಇನ್ನೊಂದು ಹೇಳುತ್ತಾನೆ, ಊರಿಗೆ ಫೋನ್ ಮಾಡಿ ಅಜ್ಜಿಯನ್ನು ಕೇಳುತ್ತಾರೆ, ಅಜ್ಜಿ ಮೂರನೆಯದನ್ನು ಹೇಳುತ್ತಾಳೆ.